ಸಾಲಿನಲ್ಲಿ ನಿಂತ ಆರು ಗಂಟೆ

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಎಣ್ಣೂರಿನ ಕಂಟೇನರ್ ಯಾರ್ಡಿನ ಗೇಟಿನ ಒಳಗೆ, ಬಲಗಡೆಯ ಕಂಬದಿಂದ ಹನ್ನೊಂದು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಒಳಗೆ ನಿಂತು ರಸ್ತೆ ನೋಡುವವನಿಗೆ ಅದು ಬಲಗಡೆಯ ಕಂಬ. ರಸ್ತೆಯಿಂದ ಒಳಗೆ ತಿರುಗುವ ಡ್ರೈವರನಿಗೆ ಎಡಗಡೆಯದು. ಮಳೆ ಜೋರಾಗಿರಲಿಲ್ಲ. ಡ್ಯೂಟಿ ರಿಜಿಸ್ಟರು ನೆನೆಯದಿರಲೆಂದು ಅಂಗಿಯೊಳಗೆ ಸೇರಿಸಿಕೊಂಡಿದ್ದೆ. ಕಾರ್ತಿಕದ ಎರಡನೆಯ ಮಂಗಳವಾರ. ಹೆಜ್ಜೆಗಳನ್ನು ಆಮೇಲೆ ಎಣಿಸಿದೆ, ಮೂರು ಸಲ, ಮೂರು ಸಲವೂ ಹನ್ನೊಂದೇ ಬಂತು. ಇದೆಲ್ಲ ಆಗಿ ಈಗ ಏಳು ವರ್ಷ.

ಆ ರಸ್ತೆಗೆ ಮತ್ತೆ ಹೋಗುವ ಮನಸ್ಸು ನನಗಿರಲಿಲ್ಲ. ಹೋದ ತಿಂಗಳು ಹೋಗಬೇಕಾಯಿತು. ನಾನೀಗ ಅಣ್ಣಾ ನಗರದಲ್ಲಿ ನನ್ನ ಸೋದರಮಾವನ ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂರುತ್ತೇನೆ. ಕುಂದಾಪುರದ ಕಡೆಯಿಂದ ಹದಿನೆಂಟನೆಯ ವಯಸ್ಸಿಗೆ ಬಂದು ಸೇರಿದ್ದು ಅದೇ ಹೋಟೆಲಿಗೆ. ಹಿಟ್ಟು ರುಬ್ಬುವ ಕೆಲಸ ಬೇಡವೆಂದು ಓಡಿಹೋಗಿ ಲಾರಿ ಕಲಿತೆ. ಕೊನೆಗೆ ತಿರುಗಿ ಬಂದು ಕೂತದ್ದೂ ಅಲ್ಲೇ. ಎಣ್ಣೂರಿನ ಒಂದು ಹೊಸ ಯಾರ್ಡಿನಲ್ಲಿ ಡ್ರೈವರುಗಳಿಗೆ ಏನೋ ತರಬೇತಿ ಇತ್ತು, ಎಂಬತ್ತು ಊಟದ ಪಾರ್ಸೆಲ್ಲು ಹೇಳಿದ್ದರು. ಅದನ್ನು ಕೊಡಲು ವ್ಯಾನಿನಲ್ಲಿ ನಾನೇ ಹೋದೆ. ಬಾಗಿಲು ತೆಗೆದು ಇಳಿಯುತ್ತಲೇ ಬಿಸಿ ಬ್ರೇಕಿನ ಮೇಲೆ ಮಳೆ ಬಿದ್ದಾಗ ಏಳುವ ವಾಸನೆ ಮೂಗಿಗೆ ಬಡಿಯಿತು. ಬಾಣಲೆಯಲ್ಲಿ ಹುರುಳಿ ಸೀದ ಹಾಗೆ ಇರುತ್ತದೆ ಆ ವಾಸನೆ. ಒಂದು ನಿಮಿಷ ವ್ಯಾನಿನ ಬಾಗಿಲು ಹಿಡಿದುಕೊಂಡು ನಿಂತೆ.

ಒಳಗೆ ಆಫೀಸಿನಲ್ಲಿ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಅವರ ಲಾರಿಗಳು. ಓಡುತ್ತಿರುವವು ಹಸಿರು, ನಿಂತವು ನೀಲಿ. ಬಂದರಿನ ಗೇಟಿನ ಹೊರಗೆ ಇಪ್ಪತ್ತು ಮೂವತ್ತು ನೀಲಿ ಚುಕ್ಕೆಗಳು ಸಾಲಾಗಿ ನಿಂತಿದ್ದವು. ನೀಲಿ ಎಂದರೇನು ಎಂದು ಕೇಳಿದೆ.

"ರೆಸ್ಟ್ ಸಾರ್. ಡ್ರೈವರ್ ರೆಸ್ಟ್‌ಲ ಇರುಕ್ಕಾರು."

"ಅದು ಸಾಲಮ್ಮ. ಬಂದರಿನ ಸಾಲು. ಅಲ್ಲಿ ಯಾರಿಗೂ ವಿಶ್ರಾಂತಿ ಇರಲ್ಲ," ಎಂದು ತಮಿಳಿನಲ್ಲಿ ಹೇಳಿದೆ.

ಅವಳು ನನ್ನ ಕೈಯಲ್ಲಿದ್ದ ಸಾಂಬಾರಿನ ಡಬರಿಯನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಗಾಡಿಯ ವೇಗ ಇಷ್ಟಕ್ಕಿಂತ ಕಡಿಮೆಯಾದರೆ ಸಿಸ್ಟಮ್ ತಾನಾಗಿಯೇ ಹಾಗೆ ಬರೆದುಕೊಳ್ಳುತ್ತದೆ ಎಂದು ನಗುತ್ತಲೇ ವಿವರಿಸಿದಳು. ಆ ಯಂತ್ರ ಮಾಡುವ ಕೆಲಸವನ್ನು ಏಳು ವರ್ಷದ ಹಿಂದೆ ನಾನು ಕೈಯಿಂದ ಮಾಡುತ್ತಿದ್ದೆ.

ಆ ವರ್ಷದ ಆಷಾಢದವರೆಗೂ ನಾನು ಡ್ರೈವರ್. ಹದಿನಾರು ವರ್ಷ ಟ್ರೇಲರ್ ಓಡಿಸಿದ್ದೆ, ಕೊನೆಯ ಆರು ವರ್ಷ ಒಂದೇ ಗಾಡಿ. ಲೈಸೆನ್ಸ್ ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಡಾಕ್ಟರು ನನ್ನ ಎಡಗಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಎರಡನೆಯ ಸಾಲಿಗೇ ನಿಂತುಹೋದೆ. ಸಕ್ಕರೆ ಕಾಯಿಲೆ ಬಲಗಣ್ಣಿನ ಒಳಪೊರೆಯನ್ನು ತಿಂದಿತ್ತಂತೆ. ಸಾರಿಗೆ ಕಚೇರಿಯ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕಣ್ಣು ನೋಡದೆಯೇ ಸಹಿ ಹಾಕಿಸಿಕೊಡುವವರಿದ್ದರು. ನಾನು ಹೋಗಲಿಲ್ಲ. ಪ್ರಾಮಾಣಿಕತೆ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ಹೆದರಿಕೆ ಇತ್ತು. ಬಲಗಡೆಯಿಂದ ಬರುವ ಸ್ಕೂಟರುಗಳು ನಾಲ್ಕಾರು ತಿಂಗಳಿಂದ ನನಗೆ ಇದ್ದಕ್ಕಿದ್ದಂತೆ ಎದುರಾಗುತ್ತಿದ್ದವು.

ಮುದಲಾಳಿ, ಅಂದರೆ ಯಾರ್ಡಿನ ಮಾಲೀಕರು, ಕೆಲಸದಿಂದ ತೆಗೆಯಲಿಲ್ಲ. ಗೇಟಿನ ಪಕ್ಕದ ಶೀಟಿನ ಕೋಣೆಯಲ್ಲಿ ಕೂರಿಸಿ, ಒಂದು ಪೆನ್ನು ಮತ್ತು ಡ್ಯೂಟಿ ರಿಜಿಸ್ಟರು ಕೊಟ್ಟರು. ನನ್ನ ಗಾಡಿಯನ್ನು ಹೊಸದಾಗಿ ಬಂದ ಮುನಿರಾಜುವಿಗೆ ಕೊಟ್ಟರು.

ಮುನಿರಾಜು ಹೊಸೂರಿನ ಹತ್ತಿರದ ಹಳ್ಳಿಯವನು, ಮನೆಮಾತು ಕನ್ನಡ. ಇಡೀ ಯಾರ್ಡಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಮೂವತ್ತೊಂದು ವರ್ಷ, ಎಣ್ಣೆ ಹಾಕಿ ಬಾಚಿದ ತಲೆ, ಯಾವಾಗಲೂ ಒಗೆದ ಅಂಗಿ. ಕೀಲಿ ಕೊಡುವ ದಿನ ನಾನೇ ಅವನನ್ನು ಕ್ಯಾಬಿನ್ನಿಗೆ ಹತ್ತಿಸಿದೆ. ಮೂರನೆಯ ಗೇರು ಸ್ವಲ್ಪ ಹಠ ಮಾಡುತ್ತದೆ, ಎಡಕ್ಕೆ ಒತ್ತಿ ಹಾಕಬೇಕು ಎಂದೆ. ಸೀಟಿನ ಮೇಲೆ ನಾನು ಹಾಸಿಕೊಳ್ಳುತ್ತಿದ್ದ ನೀಲಿ ಟವೆಲ್ ಇತ್ತು. ಅದನ್ನು ತೆಗೆಯಲು ಕೈ ಹಾಕಿದೆ.

"ಇರ್ಲಿ ಬುಡಣ್ಣ," ಎಂದ ಮುನಿರಾಜು. "ನಿನ್ನ ಟವೆಲ್ ಇದ್ರೆ ಗಾಡಿಗೆ ಹೊಸಬ ಅನ್ನಿಸಲ್ಲ."

ಒಳ್ಳೆಯ ಮಾತು. ಟವೆಲನ್ನು ಅಲ್ಲೇ ಬಿಟ್ಟು ಇಳಿದೆ. ಆ ದಿನದಿಂದ ಅದು ಅವನ ಬೆನ್ನಿನ ಕೆಳಗಿದೆ ಎಂಬುದು ಕಣ್ಣಲ್ಲಿ ಬಿದ್ದ ಹುಡಿಯ ಹಾಗೆ ನನ್ನನ್ನು ಚುಚ್ಚುತ್ತಲೇ ಇತ್ತು.

ಅವನು ನನಗಿಂತ ಚೆನ್ನಾಗಿ ಓಡಿಸುತ್ತಿದ್ದ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ನಮ್ಮ ಯಾರ್ಡಿನ ಮೂಲೆಯಲ್ಲಿ ಎರಡು ಕಂಟೇನರ್ ಗುಡ್ಡೆಗಳ ನಡುವೆ ನಲವತ್ತಡಿ ಟ್ರೇಲರನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಬೇಕಾಗಿತ್ತು. ನಾನು ಎರಡು ಸಲ ಮುಂದೆ ತಂದು ಸರಿಮಾಡಿಕೊಳ್ಳುತ್ತಿದ್ದೆ, ಉಳಿದವರು ಮೂರು ನಾಲ್ಕು ಸಲ. ಮುನಿರಾಜು ಮೊದಲ ದಿನವೇ ಒಂದೇ ಸಲಕ್ಕೆ ಒಳಗೆ ಹಾಕಿದ. ಡ್ರೈವರುಗಳು ಶಿಳ್ಳೆ ಹೊಡೆದರು. ಗೇಟಿನ ಕಾವಲಿನ ಅಂತೋಣಿ ತಾತ ಕುರ್ಚಿಯಿಂದ ಎದ್ದು, ತಲೆಯ ಮೇಲಿನ ಟೋಪಿ ತೆಗೆದು ಸಲಾಮು ಹೊಡೆದ. ಕಾಸಿಮೇಡಿನ ಮೀನುಗಾರರ ಮನೆಯ ಆ ಮುದುಕ ದೋಣಿ ತಿರುಗಿಸುವುದರಲ್ಲಿ ಹುಟ್ಟಿ ಬೆಳೆದವನು, ಸುಮ್ಮಸುಮ್ಮನೆ ಹೊಗಳುವವನಲ್ಲ. ಆರು ವರ್ಷದಲ್ಲಿ ನನಗೆ ಒಮ್ಮೆಯೂ ಎದ್ದಿರಲಿಲ್ಲ.

ಭಾನುವಾರ ಅವನನ್ನು ಊಟಕ್ಕೆ ಕರೆದವಳು ನನ್ನ ಹೆಂಡತಿ ಶಾರದಾ. ಒಂಟಿ ಹುಡುಗ, ಕನ್ನಡದವನು, ಕರೆಯದೆ ಇರುವುದು ಹೇಗೆ ಎಂದಳು. ನಮ್ಮ ಮಗಳು ಅಶ್ವಿನಿಗೆ ಆಗ ಹತ್ತು ವರ್ಷ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಉತ್ತರ ತಮಿಳಿನಲ್ಲೇ. ಮುನಿರಾಜು ಬಂದ ಎರಡನೆಯ ಭಾನುವಾರ ಅವನ ಜೊತೆ ಕನ್ನಡ ಶುರು ಮಾಡಿದಳು, ತಪ್ಪುತಪ್ಪಾಗಿ. ಅವನು ನಗಲಿಲ್ಲ, ತಿದ್ದಲೂ ಇಲ್ಲ, ರಸ್ತೆಯ ಕಥೆ ಹೇಳುತ್ತ ಹೋದ. ಕೃಷ್ಣಗಿರಿಯ ಇಳಿಜಾರಿನಲ್ಲಿ ಗಾಡಿ ಹೇಗೆ ಹಿಡಿಯಬೇಕು, ಮಂಜು ಬಿದ್ದರೆ ಮುಂದಿನ ಲಾರಿಯನ್ನು ಹೇಗೆ ಹುಡುಕಬೇಕು. ಅವಳು ಅನ್ನ ಕಲಸುವುದನ್ನು ಬಿಟ್ಟು ಕೇಳುತ್ತಿದ್ದಳು. ಅದೇ ರಸ್ತೆಯಲ್ಲಿ ನಾನು ಹದಿನಾರು ವರ್ಷ ಹೋಗಿದ್ದೆ. ಅವಳು ನನ್ನನ್ನು ಒಂದೂ ಪ್ರಶ್ನೆ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ ಎನ್ನುವುದು ಆಗ ಹೊಳೆಯಲಿಲ್ಲ.

ಅವನು ಹೋದ ಮೇಲೆ ಶಾರದಾ ತಟ್ಟೆ ತೆಗೆಯುತ್ತ ಹೇಳಿದಳು, "ಎಂತ ಆಯ್ತ್ ನಿಮ್ಗೆ? ಒಂದ್ ಮಾತಿಲ್ಲ, ಕತಿ ಇಲ್ಲ. ಮನಿಗ್ ಬಂದವ್ರ ಎದ್ರ್ ಮೋರಿ ಊದ್ಸ್ಕಂಡ್ ಕೂಕಂಬುದಾ?"

"ತಲಿ ನೋವು."

"ತಲಿ ಅಲ್ಲ ಹೊಟ್ಟಿ," ಎಂದಳು. ಅವಳಿಗೆ ಗೊತ್ತಾಗಿತ್ತು.

ಆ ವರ್ಷ ಹಿಂಗಾರು ಬೇಗ ಶುರುವಾಯಿತು. ಕೊಸ್ತಲೆ ಹೊಳೆಯ ಕಡೆಯಿಂದ ಬರುವ ಗಾಳಿಯಲ್ಲಿ ವಿದ್ಯುತ್ ಸ್ಥಾವರದ ಬೂದಿಯೂ ಮಳೆಯೂ ಬೆರೆತು, ಒಗೆದು ಹಾಕಿದ ಬಟ್ಟೆಯ ಮೇಲೆ ಬೂದು ಚುಕ್ಕೆ ಬೀಳುತ್ತಿತ್ತು. ಬಂದರಿನ ರಸ್ತೆ ಎರಡು ಕಡೆ ಕೊಚ್ಚಿಹೋಯಿತು. ಒಂದು ಗಂಟೆಯ ಸಾಲು ನಾಲ್ಕು ಗಂಟೆಯಾಯಿತು, ಆರಾಯಿತು.

ಇಲ್ಲಿ ನಮ್ಮ ಪದ್ಧತಿ ಹೇಳಬೇಕು. ಡ್ರೈವರನಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ತುಂಬುವ ಮುಂಚೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು ಕಾನೂನು. ಅದು ಆಫೀಸಿನ ಗೋಡೆಯ ಮೇಲೆ ತಮಿಳಿನಲ್ಲಿ, ಚೌಕಟ್ಟು ಹಾಕಿ ತೂಗಿತ್ತು. ರಿಜಿಸ್ಟರಿನಲ್ಲಿ ಒಬ್ಬೊಬ್ಬ ಡ್ರೈವರನಿಗೆ ಎರಡು ಕಾಲಮು: ಓಡಿಸಿದ ಹೊತ್ತು, ವಿಶ್ರಾಂತಿಯ ಹೊತ್ತು. ಬಂದರಿನ ಸಾಲಿನಲ್ಲಿ ನಿಂತ ಹೊತ್ತನ್ನು ನಾವು ವಿಶ್ರಾಂತಿಯ ಕಾಲಮಿನಲ್ಲಿ ಬರೆಯುತ್ತಿದ್ದೆವು. ನನಗಿಂತ ಮುಂಚಿನವನೂ ಹಾಗೇ ಬರೆದಿದ್ದ, ಅಕ್ಕಪಕ್ಕದ ಯಾರ್ಡಿನವರೂ ಹಾಗೇ. ಗಾಡಿ ನಿಂತಿದೆ, ಚಕ್ರ ತಿರುಗುತ್ತಿಲ್ಲ, ಆದ್ದರಿಂದ ವಿಶ್ರಾಂತಿ. ಸುಳ್ಳು ಬರೆಯುತ್ತಿದ್ದೇವೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಸಾಲು ಎಂದರೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ನಿಮಿಷಕ್ಕೊಮ್ಮೆ ಮುಂದಿನ ಗಾಡಿ ಹತ್ತಡಿ ಸರಿಯುತ್ತದೆ. ನೀನು ಸರಿಯದಿದ್ದರೆ ಪಕ್ಕದವನು ಮೂತಿ ತೂರಿಸುತ್ತಾನೆ, ಹಿಂದಿನವರು ಬಂದು ಬಾಗಿಲು ಗುದ್ದುತ್ತಾರೆ. ಆ ಹತ್ತಡಿಯ ನಡುವೆ ರೆಪ್ಪೆ ಅಂಟಿದರೆ ಅಂಟಿತು. ಅದಕ್ಕೇ ಡ್ರೈವರುಗಳಲ್ಲಿ ಒಂದು ನಡವಳಿಕೆ ಇತ್ತು. ಯಾರಿಗಾದರೂ ತೀರಾ ಆಗದೆ ಹೋದರೆ ಯಾರ್ಡಿಗೆ ಫೋನು ಮಾಡುತ್ತಿದ್ದರು. ಇಲ್ಲಿ ಖಾಲಿ ಕೂತ ಡ್ರೈವರೊಬ್ಬ ಬೈಕಿನಲ್ಲಿ ಹೋಗಿ ಅರ್ಧ ಗಂಟೆ ಸಾಲು ಹಿಡಿಯುತ್ತಿದ್ದ. ಕಾನೂನಿನ ಅರ್ಧ ಗಂಟೆ ಸಿಗುತ್ತಿದ್ದದ್ದು ಹಾಗೆ, ಒಬ್ಬರಿಂದೊಬ್ಬರಿಗೆ. ಯಾರನ್ನು ಕಳಿಸುವುದು ಎಂದು ಹೇಳುವವನು ರಿಜಿಸ್ಟರಿನವನು.

ಆ ಮಂಗಳವಾರ ಮುನಿರಾಜು ಹೊಸೂರಿನ ಕಾರ್ಖಾನೆಯಿಂದ ಲೋಡು ತಂದು ಬೆಳಿಗ್ಗೆ ಐದೂವರೆಗೆ ಯಾರ್ಡು ಸೇರಿದ. ಕಾನೂನಿನ ಎಂಟು ಗಂಟೆ ದಾರಿಯಲ್ಲೇ ಮುಗಿದಿತ್ತು. ಕಂಟೇನರ್ ಮಧ್ಯಾಹ್ನದೊಳಗೆ ಬಂದರಿನ ಒಳಗಿರದಿದ್ದರೆ ಹಡಗು ತಪ್ಪುತ್ತದೆ. ಏನು ಮಾಡುವುದೆಂದು ಮುದಲಾಳಿಗೆ ಫೋನಿನಲ್ಲಿ ಕೇಳಿದೆ.

"ಲೈನ್‌ಲ ನಿಕ್ಕಟ್ಟುಂ ವಾಸು," ಎಂದರು. "ಅಂಗೆಯೇ ತೂಂಗಟ್ಟುಂ." ಸಾಲಿನಲ್ಲಿ ನಿಲ್ಲಲಿ, ಅಲ್ಲೇ ಮಲಗಲಿ.

ಮುನಿರಾಜು ಮುಖ ತೊಳೆದು, ಗೇಟಿನ ಎದುರಿನ ದೈವಾನೈ ಅಕ್ಕನ ಟೀ ಅಂಗಡಿಯಲ್ಲಿ ನಿಂತೇ ಟೀ ಕುಡಿದು ಹೋದ. ಆರು ಗಂಟೆಗೆ ಸಾಲು ಸೇರಿದ.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ದೈವಾನೈ ಅಕ್ಕನ ಬೆಂಚಿನ ಮೇಲೆ ಕೂತಿದ್ದೆ. ನನ್ನ ಎಡಗಡೆ ಪೆರುಮಾಳ್ ಎಂಬ ಡ್ರೈವರು; ಅವನ ಗಾಡಿ ಸರ್ವಿಸಿಗೆ ಹೋಗಿತ್ತು, ಹಿಂದಿನ ರಾತ್ರಿ ಪೂರ್ತಿ ಮಲಗಿ ಎದ್ದು ಬಂದಿದ್ದ. ದೈವಾನೈ ಅಕ್ಕ ವಡೆಯ ಎಣ್ಣೆಗೆ ಹಿಟ್ಟು ಬಿಡುತ್ತಿದ್ದಳು. ಫೋನು ಬಂತು.

"ವಾಸಣ್ಣ, ಕಣ್ಣು ಎಳ್ಕೊಂಡೋಗ್ತಾ ಐತೆ. ಯಾರ್ನಾದ್ರೂ ಕಳುಸ್ತೀಯಾ? ಅರ್ಧ ಗಂಟೆ ಸಾಕಣ್ಣ. ಕಾಲು ಗಂಟೆ ಆದ್ರೂ ಸಾಕು."

ಅವನು ಹಾಗೆ ಕೇಳಿದ್ದು ಅದೇ ಮೊದಲು. ನನಗೆ ಹೊಳೆದದ್ದು ಏನೆಂದು ನೆನಪಿದೆ. ಒಂದೇ ಸಲಕ್ಕೆ ರಿವರ್ಸ್ ಹಾಕುವವನಿಗೆ ಸಾಲು ಹಿಡಿಯಲು ಬೇರೆಯವರು ಬೇಕೇ. ಆ ಗಾಡಿಯಲ್ಲಿ, ಆ ಟವೆಲಿನ ಮೇಲೆ, ನಾನು ಹತ್ತು ಗಂಟೆ ಸಾಲಿನಲ್ಲಿ ಕೂತಿದ್ದೇನೆ, ಆಗ ಯಾರೂ ಬಂದಿರಲಿಲ್ಲ. ಇಷ್ಟೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಬಂದುಹೋಯಿತು.

"ಯಾರೂ ಇಲ್ಲ ಮಾರಾಯ," ಎಂದೆ. "ಹ್ಯಾಂಗಾರೂ ಸುದಾರ್ಸ್ಕೋ."

"ಸರಿ ಬುಡಣ್ಣ," ಎಂದ. ಸಿಟ್ಟಿಲ್ಲದ ದನಿ.

ಪೆರುಮಾಳಿಗೆ ಕನ್ನಡ ಬಾರದು, ಆದರೆ ಮುನಿ ಎಂಬ ಹೆಸರು ಫೋನಿನ ಮೇಲೆ ಕಂಡಿತ್ತು. "ಮುನಿಯಾ? ಲೈನ್ ಪುಡಿಕ್ಕಣುಮಾ? ನಾನ್ ಪೋರೇನ್," ಎಂದು ಏಳಲು ಹೋದ. ತಾನೇ ಹೋಗಿ ಸಾಲು ಹಿಡಿಯುತ್ತೇನೆ ಎಂದು. ಬೇಡ, ಅವನು ಸುಮ್ಮನೆ ಮಾತಾಡಲು ಮಾಡಿದ್ದು ಎಂದೆ. ದೈವಾನೈ ಅಕ್ಕ ಜಾಲರಿಯನ್ನು ಬಾಣಲೆಯ ಅಂಚಿಗೆ ತಟ್ಟಿ ನನ್ನನ್ನೇ ನೋಡಿದಳು. ಅವಳು ಹತ್ತು ವರ್ಷ ಕನ್ನಡದವರ ಹೋಟೆಲಿನಲ್ಲಿ ಪಾತ್ರೆ ತೊಳೆದಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು.

ನಾನು ಕೋಣೆಗೆ ಹೋಗಿ ರಿಜಿಸ್ಟರು ತೆರೆದು ಬರೆದೆ: ಮುನಿರಾಜು, ವಿಶ್ರಾಂತಿ, ಆರರಿಂದ. ಮಧ್ಯಾಹ್ನ ಅವನು ಬಂದರಿನ ಒಳಗೆ ಹೋದನೆಂದು ಫೋನು ಬಂದ ಮೇಲೆ, ಹನ್ನೆರಡರವರೆಗೆ ಎಂದು ಸೇರಿಸಿದೆ.

ಎರಡೂ ಇಪ್ಪತ್ತಕ್ಕೆ ಮುನಿರಾಜುವಿನ ಖಾಲಿ ಟ್ರೇಲರ್ ಗೇಟಿನ ತಿರುವಿಗೆ ಬಂತು. ಅಲ್ಲಿ ಎಡಕ್ಕೆ ತಿರುಗುವ ಮುಂಚೆ ಕ್ಯಾಬಿನ್ನನ್ನು ಬಲಕ್ಕೆ ದೂರ ಒಯ್ಯಬೇಕು, ಇಲ್ಲವಾದರೆ ಹಿಂದಿನ ಚಕ್ರಗಳು ಮೂಲೆಯನ್ನು ಕಡಿದುಕೊಂಡು ಬರುತ್ತವೆ. ಗಾಡಿ ಬಲಕ್ಕೆ ಹೋಗಲಿಲ್ಲ. ನೇರ ಬಂದು, ಎಚ್ಚೆತ್ತ ಹಾಗೆ ಒಮ್ಮೆಲೇ ಎಡಕ್ಕೆ ಹೊರಳಿತು. ಗಾಜಿನ ಹಿಂದೆ ಅವನ ಮುಖ ಕಂಡಿತು. ಕಣ್ಣು ತೆರೆದಿತ್ತು. ಹಿಂದಿನ ಚಕ್ರ ಕಂಬದ ಬುಡ ಹತ್ತಿತು. ಕಂಬ ತುಂಡಾಗಲಿಲ್ಲ, ಇಡಿಯಾಗಿ ವಾಲಿತು. ಅಂತೋಣಿ ತಾತ ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದ. ಕೊಡೆ ಹಾರಿ ನನ್ನ ಕಾಲ ಹತ್ತಿರ ಬಂದು ಬಿತ್ತು. ಬ್ರೇಕಿನ ಗಾಳಿ ಉಸ್ಸೆಂದದ್ದು ಅದಾದ ಮೇಲೆ. ರಸ್ತೆಯಾಚೆ ದೈವಾನೈ ಅಕ್ಕ ಜಾಲರಿ ಹಿಡಿದೇ ನಿಂತಿದ್ದಳು.

ಎಲ್ಲರಿಗಿಂತ ಮೊದಲು ತಾತನ ಹತ್ತಿರ ಮುಟ್ಟಿದವನು ಮುನಿರಾಜು. ಕಂಬದ ಕೆಳಗೆ ಎರಡೂ ಕೈ ತೂರಿಸಿ, "ಅಣ್ಣೋ, ಹಿಡ್ಕಳಣ್ಣ, ಹಿಡ್ಕೋ!" ಎಂದು ನನ್ನನ್ನು ಕೂಗುತ್ತಿದ್ದ. ಹನ್ನೊಂದು ಹೆಜ್ಜೆ. ಅದನ್ನು ದಾಟಲು ನನಗೆ ಎಷ್ಟು ಹೊತ್ತಾಯಿತೆಂದು ಹೇಳಲಾರೆ. ಇದೊಂದು ಮಾತ್ರ ನನಗೆ ನಿಖರವಾಗಿ ಗೊತ್ತಿಲ್ಲ.

ತಾತನ ಎಡಪಾದ ಉಳಿಯಲಿಲ್ಲ. ಜೀವ ಉಳಿಯಿತು.

ಪೊಂಗಲಿಗೆ ಹತ್ತು ದಿನವಿರುವಾಗ ಸಾರಿಗೆ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಮೇಲಿನ ಮಹಡಿಯ ಉದ್ದನೆಯ ಕೋಣೆ, ಗೋಡೆಗೆ ಒರಗಿದ ಕಡತಗಳು. ಮೇಜಿನ ಹಿಂದೆ ಅಧಿಕಾರಿ, ಈಚೆಗೆ ಮುನಿರಾಜು, ಅವನ ಪಕ್ಕದಲ್ಲಿ ನಾನು. ಮಾತು ತಮಿಳಿನಲ್ಲಿ ನಡೆಯಿತು. ಅಧಿಕಾರಿ ಒರಟರಲ್ಲ. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು.

"ಈ ಬರಹ ನಿಮ್ಮದಾ?"

"ನನ್ನದೇ ಸಾರ್."

"ಆರರಿಂದ ಹನ್ನೆರಡು, ವಿಶ್ರಾಂತಿ. ಹಾಗೇ ಇದೆಯಲ್ಲ?"

"ಹಾಗೇ ಇದೆ ಸಾರ್."

"ನೀವು ಎದುರಿಗೆ ನಿಂತಿದ್ದಿರಿ. ಅವನು ನಿದ್ದೆ ಹೋಗಿದ್ದನಾ?"

"ಕಣ್ಣು ತೆರೆದಿತ್ತು ಸಾರ್."

ಹೇಳಿದ್ದು ಒಂದೊಂದೂ ನಿಜ. ಕಣ್ಣು ತೆರೆದುಕೊಂಡೇ ಬರುವ ನಿದ್ದೆಯೊಂದಿದೆ, ಲಾರಿ ಓಡಿಸಿದವರಿಗೆಲ್ಲ ಅದು ಗೊತ್ತು. ಆ ಕೋಣೆಯಲ್ಲಿ ಅದನ್ನು ಬಲ್ಲವರು ಇಬ್ಬರೇ, ಒಬ್ಬ ಅಪರಾಧಿಯ ಜಾಗದಲ್ಲಿದ್ದ, ಇನ್ನೊಬ್ಬ ಸಾಕ್ಷಿಯ ಜಾಗದಲ್ಲಿ. ಅಧಿಕಾರಿ ಮುನಿರಾಜುವಿನ ಕಡೆ ತಿರುಗಿದರು.

"ಆರು ಗಂಟೆ ರೆಸ್ಟ್ ತಗೊಂಡು ಬಂದವನು, ಎಚ್ಚರವಾಗಿದ್ದವನು, ಕಂಬ ಕಾಣಲಿಲ್ಲ ಅಂದರೆ ಅಜಾಗರೂಕತೆ ಆಗುತ್ತಪ್ಪ. ರಿಜಿಸ್ಟರಿನಲ್ಲಿ ಬರೆದದ್ದು ಸರಿ ಇಲ್ಲ ಅನ್ನುವುದಾದರೆ ಈಗಲೇ ಹೇಳು."

ನಾನು ಮೇಜಿನ ಮೇಲಿನ ಗುಂಡುಸೂಜಿಯ ಡಬ್ಬಿಯನ್ನು ನೋಡುತ್ತಿದ್ದೆ. ಅವನು ಹೇಳುತ್ತಾನೆ ಎಂದುಕೊಂಡೆ. ಸಾಲು ವಿಶ್ರಾಂತಿ ಅಲ್ಲ, ಫೋನು ಮಾಡಿದ್ದೆ, ಯಾರನ್ನೂ ಕಳಿಸಲಿಲ್ಲ. ಮೂರು ವಾಕ್ಯ ಸಾಕಿತ್ತು. ತಪ್ಪು ಬರೆದವನೆಂದು ಮುದಲಾಳಿ ನನ್ನನ್ನು ಅದೇ ಸಂಜೆ ಹೊರಗೆ ಹಾಕುತ್ತಿದ್ದರು.

"ವಾಸಣ್ಣ ಬರೆದದ್ದು ಸರಿ ಸಾರ್," ಎಂದ ಮುನಿರಾಜು. "ತಪ್ಪು ನಂದು."

ಬೇರೇನಾದರೂ ಹೇಳುವುದಿದೆಯೇ ಎಂದು ಅಧಿಕಾರಿ ನನ್ನನ್ನು ಕೇಳಿದರು. ಇಲ್ಲ ಎಂದೆ.

ಆರು ತಿಂಗಳು ಲೈಸೆನ್ಸ್ ಅಮಾನತು. ಮುದಲಾಳಿ ಅವನ ಲೆಕ್ಕ ಮುಗಿಸಿ ಕಳಿಸಿದರು. ಕೀಲಿಯನ್ನು ತಂದು ನನ್ನ ಕೋಣೆಯ ಮೊಳೆಗೆ ತೂಗುಹಾಕಿದ, ಟವೆಲನ್ನು ಒಗೆದು ಮಡಿಸಿ ಮೇಜಿನ ಮೇಲಿಟ್ಟ. "ಮೂರ್ನೇ ಗೇರು ಸರಿ ಮಾಡ್ಸಿದ್ದೀನಣ್ಣ, ಮುಂದ್ಲೋನಿಗೆ ಹೇಳು," ಎಂದ.

ಅವನು ಬಸ್ಸು ಹತ್ತಿದ ಮೇಲೆ ಒಂದು ಕ್ಷಣ ನನಗೆ ಹಗುರಾಯಿತು. ಬರೆಯಲು ಕೈ ತಡೆಯುತ್ತದೆ, ಆದರೆ ಆಯಿತು. ಇನ್ನು ಆ ಗಾಡಿಯಲ್ಲಿ ಅವನೂ ಇಲ್ಲ. ಸಂಜೆಯ ಹೊತ್ತಿಗೆ ಆ ಹಗುರ ಹೋಗಿ, ಹಳೆಯ ಉರಿ ಬೇರೆ ಮುಖ ಹೊತ್ತು ಬಂದು ಕೂತಿತು. ಗಾಡಿ ಓಡಿಸುವುದರಲ್ಲಿ ನನಗಿಂತ ಮೇಲಿದ್ದ, ಸರಿ. ಆ ಕೋಣೆಯಲ್ಲಿಯೂ ನನಗಿಂತ ಮೇಲಾದನಲ್ಲ. ನನಗೆ ಉಳಿಸಿಕೊಳ್ಳಲು ಆಗದ ಒಂದು ಒಳ್ಳೆಯತನವನ್ನು ಅವನು ಸುಲಭವಾಗಿ, ಒಂದೇ ಸಲಕ್ಕೆ ರಿವರ್ಸ್ ಹಾಕಿದ ಹಾಗೆ, ಮಾಡಿಹೋದ. ಅದಕ್ಕೆ ಹೊಟ್ಟೆ ಉರಿದಷ್ಟು ಗಾಡಿಗೂ ಉರಿದಿರಲಿಲ್ಲ.

ಭಾನುವಾರ ಅಶ್ವಿನಿ ಕೇಳಿದಳು, "ಮುನಿ ಮಾಮಾ ಎಪ್ಪೋ ವರುವಾರುಪ್ಪಾ?" ಮತ್ತೆ ತಮಿಳಿಗೆ ಹೋಗಿದ್ದಳು. ಬರುವುದಿಲ್ಲ ಎಂದೆ. ಶಾರದಾ ಟವೆಲನ್ನು ಒಲೆ ಒರೆಸಲು ತೆಗೆದುಕೊಂಡಳು. ಆ ವರ್ಷದ ಬೇಸಿಗೆಯಲ್ಲಿ ನಾನೂ ಯಾರ್ಡು ಬಿಟ್ಟೆ. ಪೆನ್ನು ಹಿಡಿದರೆ ಆರರಿಂದ ಹನ್ನೆರಡು ಎಂಬ ಅಂಕಿಗಳೇ ಕಾಣುತ್ತಿದ್ದವು.

ಹೋದ ತಿಂಗಳು ಆ ನೀಲಿ ಚುಕ್ಕೆಗಳನ್ನು ನೋಡಿ ಬಂದ ಮೇಲೆ ಮೂರು ದಿನ ಬಿಟ್ಟು ಮುನಿರಾಜುವಿಗೆ ಫೋನು ಮಾಡಿದೆ. ಅವನೀಗ ಊರಿನ ತೋಟಗಳಿಂದ ಗುಲಾಬಿ ಹೂವನ್ನು ಕೋಯಂಬೇಡು ಮಾರುಕಟ್ಟೆಗೆ ತರುವ ಸಣ್ಣ ವ್ಯಾನು ಓಡಿಸುತ್ತಾನೆ. ಟ್ರೇಲರ್ ಅವನಿಗೆ ಮತ್ತೆ ಯಾರೂ ಕೊಡಲಿಲ್ಲ. ವರ್ಷಕ್ಕೆ ಒಂದೆರಡು ಸಲ ಅವನೇ ಫೋನು ಮಾಡಿ ಅಶ್ವಿನಿಯ ಓದನ್ನು ಕೇಳುತ್ತಿದ್ದ. ನಾನಾಗಿ ಮಾಡಿದ್ದು ಅದೇ ಮೊದಲು. ಆ ದಿನ ಪೆರುಮಾಳ್ ನನ್ನ ಪಕ್ಕದಲ್ಲೇ ಕೂತಿದ್ದ, ಯಾರೂ ಇಲ್ಲ ಎಂದದ್ದು ಸುಳ್ಳು, ಎಂದು ಹೇಳಿದೆ.

ಆ ಕಡೆ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸುತ್ತಿತ್ತು. ವ್ಯಾನನ್ನು ಬದಿಗೆ ಹಾಕಿದನೆಂದು ಕಾಣುತ್ತದೆ.

"ಗೊತ್ತು ಬುಡಣ್ಣ," ಎಂದ. "ಅವತ್ತು ಸಾಯಂಕಾಲ ಆಸ್ಪತ್ರೇಲೇ ಪೆರುಮಾಳ್ ಅಂದ. ನಾನ್ ಬರ್ತೀನಿ ಅಂದ್ರೆ ವಾಸು ಬ್ಯಾಡ ಅಂದ್ನಲ್ಲ ಅಂತ ತಲೆ ಚಚ್ಕೊಂಡ."

"ಗೊತ್ತಿದ್ದೂ ಆಫೀಸಿನಲ್ಲಿ ಹಾಂಗೆ ಹೇಳಿದ್ಯಾ?"

"ಇನ್ನೇನಣ್ಣ ಹೇಳೋದು? ನಿನ್ನ ಗಾಡಿ ಆಗ್ಲೇ ನನ್ನ ಹತ್ರ ಇತ್ತು. ನಿಂಗ್ ಉಳ್ದಿದ್ದು ಆ ಪೆನ್ನೊಂದು. ಅದ್ನೂ ಕಿತ್ಕೊಳ್ಳಾ?" "ನಿನ್ ಮೇಲೆ ಸಿಟ್ಟು ಇರ್ಲಿಲ್ಲ ಅನ್ಬ್ಯಾಡ. ಇತ್ತು. ಕೃಷ್ಣಗಿರಿ ದಾಟೋ ಗಂಟ ಬಯ್ಕೊಂಡೇ ಹೋದೆ."

ಆ ಬೈಗುಳ ಕೇಳಿ ನನಗೆ ಸಮಾಧಾನವಾಯಿತು. ಇದನ್ನೆಲ್ಲ ಬರೆಯುತ್ತೇನೆ ಎಂದೆ.

"ಯಾಕಣ್ಣ ಈಗ?" ಎಂದ. ಆಮೇಲೆ ನಕ್ಕ. "ಬರ್ಯೋದಾದ್ರೆ ಪೂರ್ತಿ ಬರಿ. ರಿವರ್ಸ್ ಒಂದೇ ಸಲಕ್ಕೆ ಹಾಕಿದ್ದೂ ಬರಿ. ಅದನ್ ಬುಟ್ಬುಡ್ತೀಯಾ ನೀನು."

ಬಿಟ್ಟಿಲ್ಲ. ಅವನ ಕೈಯಲ್ಲಿ ಇನ್ನೂ ಸ್ಟೀರಿಂಗ್ ಇದೆ, ನನ್ನ ಕೈಯಲ್ಲಿ ಚಿಲ್ಲರೆಯ ತಟ್ಟೆ ಇದೆ; ಇಂಡಿಕೇಟರಿನ ಸದ್ದು ನಿಂತು ಗೇರು ಬಿದ್ದದ್ದು ಕೇಳಿದಾಗ ಎದೆಯಲ್ಲಿ ಅದೇ ಹಳೆಯ ಜಾಗ ಉರಿಯಿತು ಎಂಬುದನ್ನೂ ಬಿಡುವುದಿಲ್ಲ.

ಅಧಿಕಾರಿ ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಇದು ನನ್ನ ಉತ್ತರ. ಆರರಿಂದ ಹನ್ನೆರಡರವರೆಗೆ ಮುನಿರಾಜು ವಿಶ್ರಾಂತಿಯಲ್ಲಿರಲಿಲ್ಲ. ಕಣ್ಣು ತೆರೆದಿತ್ತು, ಅವನು ನಿದ್ದೆಯಲ್ಲಿದ್ದ. ಒಂಬತ್ತು ಹತ್ತಕ್ಕೆ ಅರ್ಧ ಗಂಟೆ ಕೇಳಿದ್ದ, ಕೊಡಲು ಜನ ಇದ್ದರು, ನಾನು ಕೊಡಲಿಲ್ಲ.

ಕಂಬ ಬಿದ್ದದ್ದನ್ನು ಕಂಡವರು ನಾಲ್ವರು. ಅಂತೋಣಿ ತಾತ ಎರಡು ವರ್ಷದ ಹಿಂದೆ ಕಾಸಿಮೇಡಿನಲ್ಲಿ ಮಗನ ಮನೆಯಲ್ಲಿ ತೀರಿಕೊಂಡ. ಕಂಬ ಬಿದ್ದದ್ದನ್ನು ಕಾಣದಿದ್ದರೂ ಫೋನು ಬಂದಾಗ ಬೆಂಚಿನ ಮೇಲಿದ್ದ ಪೆರುಮಾಳ್ ಅದಕ್ಕೂ ಮುಂಚೆ ಎದೆನೋವಿನಿಂದ ಹೋದ. ಮುನಿರಾಜು ಇದ್ದಾನೆ, ನಾನಿದ್ದೇನೆ, ಆದರೆ ನಾವಿಬ್ಬರೂ ಒಮ್ಮೆ ಸುಳ್ಳು ಹೇಳಿದವರು. ಫೋನನ್ನೂ ಕೇಳಿದವಳು, ಕಂಬವನ್ನೂ ಕಂಡವಳು ಒಬ್ಬಳೇ. ಅವಳನ್ನು ಯಾವ ಕಚೇರಿಯವರೂ ಕರೆದು ಕೇಳಲಿಲ್ಲ. ದೈವಾನೈ ಅಕ್ಕ ಬದುಕಿದ್ದಾಳೆ, ಅದೇ ಗೇಟಿನ ಎದುರು ವಡೆ ಬಿಡುತ್ತಿದ್ದಾಳೆ, ಕನ್ನಡದಲ್ಲಿ ಕೇಳಿದರೂ ಹೇಳುತ್ತಾಳೆ.